ಗ್ಲೆನ್‌ಗ್ಯಾರಿ ರಿಬ್ಬನ್ ಬಿಗಿದರೂ ಟೋಪಿ ಜಾರುವುದೇಕೆ?

ರಿಬ್ಬನ್ ಬಿಗಿದು ಕಟ್ಟಿದರೂ ಗ್ಲೆನ್‌ಗ್ಯಾರಿ (ಹಿಂದೆ ಎರಡು ರಿಬ್ಬನ್ ಇರುವ, ದೋಣಿಯಾಕಾರದ ಸ್ಕಾಟಿಷ್ ಟೋಪಿ) ಹಿಂದಕ್ಕೆ ಜಾರುತ್ತದೆ ಅಂದಿರಿ. ಬಹುಶಃ ಆ ರಿಬ್ಬನ್ ಬರೀ ಅಲಂಕಾರದ್ದು. ಈಗಿನ ಹೆಚ್ಚಿನವುಗಳಲ್ಲಿ ಹಿಂಬದಿಗೆ ಹೊಲಿದಿರುತ್ತಾರೆ, ಅಷ್ಟೇ. ಮೆಲ್ಲಗೆ ಎಳೆದು ನೋಡಿ: ಅಂಚಿನ ಪಟ್ಟಿ ನೆರಿಗೆಯಾದರೆ ಮಾತ್ರ ಅದು ಬಿಗಿಯುವ ದಾರ. ಆಗದಿದ್ದರೆ ಗಂಟು ಬಿಚ್ಚಿ ಎರಡೂ ತುದಿ ಹಿಂದೆ ಇಳಿಬಿಡಿ. ಬೋ ಕಟ್ಟುವುದು ಬಾಲ್ಮೋರಲ್ ಎಂಬ ದುಂಡನೆಯ ಸ್ಕಾಟಿಷ್ ಟೋಪಿಗೆ ಒಪ್ಪುತ್ತದೆ, ಇದಕ್ಕೆ ಅಷ್ಟಾಗಿ ಇಲ್ಲ.

ಸಡಿಲಕ್ಕೆ ಮದ್ದು ಒಳಗಿದೆ. ಒಳಪಟ್ಟಿಯನ್ನು ಹೊರಕ್ಕೆ ಮಡಚಿ, ಅದರ ಹಿಂದೆ ಹಣೆಯ ಕಡೆ ಬೆರಳಗಲದ ಫೆಲ್ಟ್ ಪಟ್ಟಿ ತೂರಿಸಿ. ಸಾಲದಿದ್ದರೆ ಹಿಂದೆಯೂ ಒಂದು. ಆಮೇಲೆ ಬ್ಯಾಡ್ಜ್ ಎಡಕ್ಕಿರಲಿ, ಟೋಪಿ ಬಲಕ್ಕೆ ವಾಲಲಿ, ಅಂಚು ಬಲಹುಬ್ಬಿನಿಂದ ಸುಮಾರು 2–3 ಸೆಂ.ಮೀ. ಮೇಲೆ ನಿಲ್ಲಲಿ. ಬ್ಯಾಗ್‌ಪೈಪ್ ನುಡಿಸುವ ಪೈಪ್ ಬ್ಯಾಂಡಿಗಾದರೆ ಎಷ್ಟು ವಾಲಿಸಬೇಕೆಂದು ಅದನ್ನು ಮುನ್ನಡೆಸುವ ಪೈಪ್ ಮೇಜರ್ ಅವರನ್ನೇ ಕೇಳಿ. ಒಂದೊಂದು ಬ್ಯಾಂಡಿನದು ಒಂದೊಂದು ಪದ್ಧತಿ.