ಬಾರ್ಬರಾ ಹೆಪ್‌ವರ್ತ್ ಶಿಲ್ಪಗಳಲ್ಲಿ ಆ ತೂತು ಯಾಕೆ?

ಬ್ರಿಟಿಷ್ ಶಿಲ್ಪಿ ಹೆಪ್‌ವರ್ತ್ ತಮ್ಮ ಶಿಲ್ಪಗಳಲ್ಲಿ ತೂತು ಕೊರೆಯುತ್ತಿದ್ದದ್ದು ಯಾಕೆ, ಅವರ ಬದುಕಿಗೂ ಅದಕ್ಕೂ ಸಂಬಂಧ ಇದೆಯಾ ಅಂತ ಕೇಳಿದ್ದೀರಿ. ಇದೆ ಅಂತಲೇ ನನಗೆ ಅನ್ನಿಸುತ್ತದೆ.

ಅವರು ಹುಟ್ಟಿದ್ದು 1903ರಲ್ಲಿ, ಇಂಗ್ಲೆಂಡಿನ ವೇಕ್‌ಫೀಲ್ಡ್‌ನಲ್ಲಿ. ಅಪ್ಪ ಸರ್ಕಾರಿ ಸರ್ವೇಯರ್. ಅಪ್ಪನ ಕಾರಿನಲ್ಲಿ ಯಾರ್ಕ್‌ಶೈರ್ ಗುಡ್ಡಗಳ ನಡುವೆ ಓಡಾಡುವಾಗಲೇ ನೆಲದ ಉಬ್ಬುತಗ್ಗುಗಳು ಆ ಹುಡುಗಿಗೆ ಶಿಲ್ಪದ ಹಾಗೆ ಕಂಡಿದ್ದವು. ಲೀಡ್ಸ್ ಕಲಾಶಾಲೆಯಲ್ಲಿ, ಮುಂದೆ ಹೆಸರಾಂತ ಶಿಲ್ಪಿಯಾದ ಹೆನ್ರಿ ಮೂರ್ ಜೊತೆ ಓದಿದರು. ಇಟಲಿಯಲ್ಲಿ ಅಮೃತಶಿಲೆ ಕೆತ್ತುವುದನ್ನು ಕಲಿತರು. ಆಗ ಎಷ್ಟೋ ಶಿಲ್ಪಿಗಳು ಮಣ್ಣಿನಲ್ಲಿ ಮಾದರಿ ಮಾಡಿ, ಕಲ್ಲಿನ ಕೆಲಸವನ್ನು ಬೇರೆಯವರಿಗೆ ಬಿಡುತ್ತಿದ್ದರು. ಇವರು ತಾವೇ ಉಳಿ ಹಿಡಿದರು.

1930ರ ದಶಕದ ಶುರುವಿನಲ್ಲಿ ಅಲಬಾಸ್ಟರ್ ಅನ್ನುವ ಒಂದು ಮೆದು ಕಲ್ಲಿಗೆ ಈ ಕಡೆಯಿಂದ ಆ ಕಡೆಗೆ ತೂತು ಕೊರೆದರು. ಆ ಶಿಲ್ಪ ಎರಡನೇ ಮಹಾಯುದ್ಧದಲ್ಲಿ ಹಾಳಾಯಿತು. ತೂತನ್ನು ಮಾತ್ರ ಅವರು ಕೊನೆಯವರೆಗೂ ಬಿಡಲಿಲ್ಲ.

1934ರಲ್ಲಿ ತ್ರಿವಳಿ ಮಕ್ಕಳು ಹುಟ್ಟಿದರು. ಆಗಲೇ 5 ವರ್ಷದ ಮಗ ಇದ್ದ. 1939ರಲ್ಲಿ ಯುದ್ಧ ಶುರುವಾಗುವ ಹೊತ್ತಿಗೆ ಇಂಗ್ಲೆಂಡಿನ ಕಾರ್ನ್‌ವಾಲ್ ಕರಾವಳಿಯ ಸೇಂಟ್ ಐವ್ಸ್‌ಗೆ ಬಂದರು. ಹಗಲೆಲ್ಲ ಮಕ್ಕಳು, ತೋಟದ ಕೆಲಸ. ಕೆತ್ತಲು ಪುರುಸೊತ್ತೇ ಇಲ್ಲ. ರಾತ್ರಿ ಕೂತು ಚಿತ್ರ ಬರೆದರು. ದಿನಕ್ಕೆ ಅರ್ಧ ಗಂಟೆಯಾದರೂ ಕೆಲಸ ಮಾಡಿದರೆ ರೂಪಗಳು ಮನಸ್ಸಿನಲ್ಲಿ ಬೆಳೆಯುತ್ತಿರುತ್ತವೆ ಅನ್ನುವುದು ಅವರ ನಂಬಿಕೆ. ಮನೆಗೆಲಸದ ನಡುವೆ ಚಿತ್ರ ಬರೆಯುವ ನನಗೆ ಈ ಮಾತು ಎಷ್ಟು ಧೈರ್ಯ ಕೊಟ್ಟಿದೆ ಅಂತ ಹೇಳಲಾರೆ.

ಅದೇ ಊರಲ್ಲಿ 1946ರಲ್ಲಿ ಮಾಡಿದ್ದು 'ಪೆಲಗೋಸ್'. ಗ್ರೀಕ್‌ನಲ್ಲಿ ಹಾಗೆಂದರೆ ಸಮುದ್ರ. ಎಲ್ಮ್ ಮರದ ದುಂಡನೆ ರೂಪ, ಅಲೆಯಂತೆ ಸುರುಳಿ ಸುತ್ತಿಕೊಂಡಿದೆ. ಒಳಗೆ ತಿಳಿ ನೀಲಿ ಬಣ್ಣ, ಬಿಗಿದು ಕಟ್ಟಿದ ದಾರಗಳು. ಆ ಊರಲ್ಲಿ ಅವರಿಗೆ ಸಮುದ್ರದ ಇಡೀ ಕೊಲ್ಲಿ ಕಾಣುತ್ತಿತ್ತು, ಎರಡೂ ಕಡೆಯಿಂದ ನೆಲ ತೋಳಿನಂತೆ ಅದನ್ನು ಬಳಸಿತ್ತು. ಸಮುದ್ರ, ಗಾಳಿ, ಗುಡ್ಡಗಳ ಜೊತೆ ತಮಗಿದ್ದ ಸೆಳೆತವೇ ಆ ದಾರಗಳು ಅಂತ ಅವರೇ ಹೇಳಿಕೊಂಡಿದ್ದಾರೆ. ಆ ಶಿಲ್ಪದ ಹೊಟ್ಟೆ ಟೊಳ್ಳಾಗಿರುವುದರಿಂದಲೇ ಅದರ ಒಳಗೂ ಹೊರಗೂ ಒಟ್ಟಿಗೆ ಕಾಣುತ್ತವೆ. ಸುಮ್ನೆ ಅಲಂಕಾರಕ್ಕೆ ಯಾರಾದರೂ ಇಷ್ಟು ಕಷ್ಟಪಡುತ್ತಾರಾ?

1964ರಲ್ಲಿ ನ್ಯೂಯಾರ್ಕ್‌ನ ವಿಶ್ವಸಂಸ್ಥೆ ಮುಂದೆ ನಿಲ್ಲಿಸಿದ 'ಸಿಂಗಲ್ ಫಾರ್ಮ್' 6.4 ಮೀಟರ್ ಎತ್ತರದ ಕಂಚು. ವಿಮಾನ ದುರಂತದಲ್ಲಿ ತೀರಿಕೊಂಡ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಡಾಗ್ ಹ್ಯಾಮರ್‌ಶೋಲ್ಡ್ ನೆನಪಿಗೆ ಮಾಡಿದ್ದು. ಅದರಲ್ಲೂ ಮೇಲ್ಗಡೆ ಒಂದು ದುಂಡು ತೂತಿದೆ.

1975ರಲ್ಲಿ ತಮ್ಮ ಸ್ಟುಡಿಯೊದಲ್ಲಿ ಬೆಂಕಿ ಬಿದ್ದು ತೀರಿಕೊಂಡರು. ಮರುವರ್ಷ ಅದೇ ಜಾಗ ಮ್ಯೂಸಿಯಂ ಆಯಿತು. ಅಲ್ಲಿನ ತೋಟದಲ್ಲಿ ಅವರ ಶಿಲ್ಪಗಳು ಗಿಡಗಳ ನಡುವೆ ನಿಂತಿವೆ. ಫೋಟೊಕ್ಕಿಂತ ಆ ತೋಟದ ವಿಡಿಯೊ ನೋಡಿ. ಕ್ಯಾಮೆರಾ ಒಂದು ಹೆಜ್ಜೆ ಸರಿದರೂ ತೂತಿನಲ್ಲಿ ಕಾಣುವ ಎಲೆ, ಆಕಾಶ ಬದಲಾಗುತ್ತವೆ.