ಉಳಿತಾಯದ ದುಡ್ಡಲ್ಲಿ ನಾಲ್ಕೂವರೆ ಲಕ್ಷದ ವಾಚ್ ತಗೊಳ್ಳಬಹುದಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ವಯಸ್ಸು 28, ಬ್ಯಾಂಕಿನಲ್ಲಿ ಆರು ಲಕ್ಷ, ಕಣ್ಣು ಬಿದ್ದಿರುವುದು ನಾಲ್ಕೂವರೆ ಲಕ್ಷದ ಸ್ವಿಸ್ ವಾಚಿನ ಮೇಲೆ. ಕೊನೆಗೆ "ಹೂಡಿಕೆಯೂ ಆಗುತ್ತೆ ಅಂತಾರೆ" ಅಂತ ಒಂದು ಸಾಲು. ಅಂಕಿ ಸ್ವಲ್ಪ ಆಚೀಚೆ ಮಾಡಿದರೆ 2017ರಲ್ಲಿ ನಾನೂ ಹೀಗೇ ಇದ್ದೆ.

ಆಗ ಮೈಸೂರಿನಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ಕಂಪನಿಯ ಕ್ವಾಲಿಟಿ ವಿಭಾಗದಲ್ಲಿದ್ದೆ. ದಿನವಿಡೀ ಮೈಕ್ರೋಮೀಟರ್ ಹಿಡಿದು ಮೈಕ್ರಾನ್ ಲೆಕ್ಕ ಹಾಕುವವನಿಗೆ ವಾಚಿನ ಹುಚ್ಚು ಹಿಡಿಯುವುದು ದೊಡ್ಡ ವಿಷಯವಲ್ಲ. ರಾತ್ರಿ ಎರಡರವರೆಗೆ ವಾಚಿನ ವಿಡಿಯೋ ನೋಡುತ್ತಿದ್ದೆ. ಅಂಗಡಿಯಲ್ಲಿ ಮೊದಲ ಸಲ ಅದನ್ನು ಮಗುಚಿ ಹಿಂದಿನ ಗಾಜಿನೊಳಗೆ ನೋಡಿದಾಗ ಸಣ್ಣ ಚಕ್ರವೊಂದು ಉಸಿರಾಡುವ ಹಾಗೆ ಆ ಕಡೆ ಈ ಕಡೆ ಆಡುತ್ತಿತ್ತು. ಗಂಟೆಗೆ 28,800 ಸಲ. ಹಾಗಾಗಿಯೇ ಸೆಕೆಂಡಿನ ಮುಳ್ಳು ಟಿಕ್ ಟಿಕ್ ಅಂತ ಹಾರದೆ ಜಾರಿಕೊಂಡು ಹೋಗುತ್ತದೆ. ಅಂಗಡಿಯ ಹುಡುಗ ಬಿಳಿ ಕೈಗವಸು ಹಾಕಿಕೊಂಡಿದ್ದ. ಕಾಫಿ ತರಿಸಿದ. ಆ ಕಾಫಿ ಕುಡಿದ ಮೇಲೆ ಬೇಡ ಅನ್ನುವುದು ಕಷ್ಟ, ನಿಮಗೂ ಕುಡಿಸುತ್ತಾರೆ ನೋಡಿ.

ಬೆಲೆ 3,65,000. ನನ್ನ ಹತ್ತಿರ ಇದ್ದದ್ದು ಎಲ್ಲ ಸೇರಿ 4,20,000. ಒಂದು ಎಫ್‌ಡಿ ಮುರಿಸಿದೆ. "ಚಿನ್ನನಾದ್ರೂ ತಗೋ ಕಣೋ" ಅಂದರು ಅಮ್ಮ. ಅವರಿಗೆ ಹೂಡಿಕೆಯ ಪಾಠ ಹೇಳಿದೆ. ಕೆಲವು ಮಾಡೆಲ್‌ಗಳು ಅಂಗಡಿ ಬೆಲೆಗಿಂತ ಜಾಸ್ತಿಗೆ ಮಾರಾಟವಾಗುತ್ತವೆ ಅಂತ ಎಲ್ಲೋ ಓದಿದ್ದೆ. ನಾನು ಕೊಂಡದ್ದು ಆ ಕೆಲವುಗಳಲ್ಲಿ ಒಂದಾಗಿರಲಿಲ್ಲ ಅನ್ನುವುದನ್ನು ಮಾತ್ರ ಓದಿರಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ತಡೆದುಕೊಳ್ಳಿ.

ಈ ವಾಚ್‌ಗಳಲ್ಲಿ ತಾರೀಕು ಯಾವಾಗಲೂ 31ರವರೆಗೆ ಓಡುತ್ತದೆ. ಯಾವ ತಿಂಗಳಿಗೆ ಎಷ್ಟು ದಿನ ಅಂತ ಅದಕ್ಕೆ ಗೊತ್ತಿಲ್ಲ. ಅದು ಗೊತ್ತಿರುವ ವಾಚ್‌ಗಳೂ ಇವೆ, ಬೆಲೆ ಕೇಳಬೇಡಿ. ಹಾಗಾಗಿ ವರ್ಷಕ್ಕೆ ಐದು ಸಲ, ಮಾರ್ಚ್, ಮೇ, ಜುಲೈ, ಅಕ್ಟೋಬರ್, ಡಿಸೆಂಬರ್ ಒಂದನೇ ತಾರೀಕು, ನಾವೇ ತಿರುಗಿಸಿ ಸರಿ ಮಾಡಬೇಕು. ತಿರುಗಿಸುವುದು ಕ್ರೌನ್‌ನಿಂದ. ನಮ್ಮ ಅಪ್ಪಂದಿರು ದಿನಾ ಬೆಳಿಗ್ಗೆ ಕೀ ಕೊಡುತ್ತಿದ್ದರಲ್ಲ, ಪಕ್ಕದಲ್ಲಿರುವ ಅದೇ ಸಣ್ಣ ತಲೆ. ನೀರು ಹೋಗಬಾರದು ಅಂತ ನನ್ನ ವಾಚಿನಲ್ಲಿ ಅದಕ್ಕೆ ಒಳಗೆ ಸ್ಕ್ರೂ ತರಹ ತಿರುಪು ಇತ್ತು. ಬಾಟಲಿ ಮುಚ್ಚಳದ ಹಾಗೆ ಬಿಚ್ಚಬೇಕು, ಎಳೆಯಬೇಕು, ತಾರೀಕು ಸರಿ ಮಾಡಬೇಕು, ಒಳಗೆ ತಳ್ಳಬೇಕು, ತಳ್ಳಿ ಹಿಡಿದುಕೊಂಡೇ ಮತ್ತೆ ಬಿಗಿಯಬೇಕು. ಸುಮ್ನೆ ತಳ್ಳಿದರೆ ಸಾಲದು. ವಾಚಿನ ಮೇಲೆ 100 ಮೀಟರ್ ಅಂತ ಬರೆದಿರುತ್ತಲ್ಲ, ಅಷ್ಟು ಆಳದ ನೀರಿನ ಒತ್ತಡ ತಡೆಯುತ್ತದೆ ಅಂತ, ಅದು ಈ ಮುಚ್ಚಳ ಬಿಗಿದಿದ್ದರೆ ಮಾತ್ರ.

2018ರ ಮೇ 1. ದೊಡ್ಡಪ್ಪ ತೀರಿಕೊಂಡಿದ್ದರು, ಅಸ್ಥಿ ಬಿಡಲು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೊರಟಿದ್ದೆವು. ಬೆಳಿಗ್ಗೆ ಐದಕ್ಕೆ ಎದ್ದು ನೋಡಿದರೆ ವಾಚಿನಲ್ಲಿ 31. ಬಿಚ್ಚಿದೆ, ಎಳೆದೆ, ತಾರೀಕು ಒಂದಕ್ಕೆ ತಂದೆ, ತಳ್ಳಿದೆ. ಅಷ್ಟರಲ್ಲಿ ಕೆಳಗೆ ಟೆಂಪೋ ಟ್ರಾವೆಲರ್‌ನವನು ಹಾರ್ನ್ ಹೊಡೆದ. ಓಡಿದೆ.

ಬಿಗಿಯಲಿಲ್ಲ.

ವಿಧಾನಸಭೆ ಚುನಾವಣೆಯ ಸಮಯ, ದಾರಿಯಲ್ಲಿ ಚೆಕ್‌ಪೋಸ್ಟ್. ಪೊಲೀಸಿನವರು ಒಳಗೆ ಇಣುಕಿದಾಗ ನಾನು ಎಡಗೈ ಜೇಬಿಗೆ ಹಾಕಿಕೊಂಡೆ. ನನ್ನ ದುಡ್ಡಲ್ಲಿ ನಾನೇ ಕೊಂಡ ವಾಚ್, ಬಿಲ್ ಕೂಡ ಇದೆ. ಆದರೂ ಕದ್ದವನ ಹಾಗೆ ಕೂತಿದ್ದೆ. ಇದನ್ನೂ ಯೋಚನೆ ಮಾಡಿ.

ನದಿಗೆ ಇಳಿಯುವ ಮುಂಚೆ ಎಲ್ಲರೂ ಫೋನು, ಪರ್ಸು, ಸರ, ವಾಚು ಬಿಚ್ಚಿ ಒಂದು ಬಟ್ಟೆ ಚೀಲಕ್ಕೆ ಹಾಕಿ ಡ್ರೈವರ್ ಕೈಗೆ ಕೊಟ್ಟರು. ನಾನು ಕೊಡಲಿಲ್ಲ. ಮೂರೂವರೆ ಲಕ್ಷಕ್ಕಿಂತ ಜಾಸ್ತಿಯ ವಾಚನ್ನು ಗುರುತಿಲ್ಲದವನ ಕೈಗೆ ಕೊಡುವುದಾ? ಹೇಗಿದ್ದರೂ 100 ಮೀಟರ್. ಬೇಸಿಗೆ, ನೀರು ಮೊಣಕಾಲಿನವರೆಗೆ ಮಾತ್ರ. ಕೂತು ಮುಳುಗಬೇಕಿತ್ತು. ಮೂರು ಸಲ ಮುಳುಗಿದೆ.

ಊಟದ ಹೊತ್ತಿಗೆ ಗಾಜಿನ ಒಳಗೆ ಮಂಜು ಕಟ್ಟಿತ್ತು. ಮೊದಲು ಗಾಜಿನ ಹೊರಗೆ ಅಂದುಕೊಂಡು ಪಂಚೆಯ ತುದಿಯಲ್ಲಿ ಒರೆಸಿದೆ. ಮತ್ತೆ ಒರೆಸಿದೆ. ಹೋಗಲಿಲ್ಲ. ಆಮೇಲೆ ಬೆರಳಿಗೆ ಕ್ರೌನ್ ತಾಗಿತು, ಅಲುಗಾಡುತ್ತಿತ್ತು. ಹೊಟ್ಟೆಯೊಳಗೆ ಏನೋ ಕಲಸಿದ ಹಾಗಾಯಿತು. ಪಕ್ಕದಲ್ಲಿ ದೊಡ್ಡಮ್ಮ ಅಳುತ್ತಿದ್ದಾರೆ, ನಾನು ವಾಚ್ ನೋಡಿಕೊಂಡು ಕೂತಿದ್ದೇನೆ. ಹೇಳಿಕೊಳ್ಳುವುದಕ್ಕೂ ನಾಚಿಕೆ.

ಇದೇ ತಪ್ಪು ಅಂತ ನೀವು ಅಂದುಕೊಂಡಿರಬಹುದು. ಇದಲ್ಲ. ಕ್ರೌನ್ ಬಿಗಿಯದೆ ಇರುವುದು ಯಾರಿಗಾದರೂ ಆಗುತ್ತದೆ. ಅದೇ ದಿನ ವಾಚನ್ನು ಬಿಚ್ಚಿಸಿ ಒಣಗಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನನ್ನ ತಪ್ಪು ಆಮೇಲಿನ ಹತ್ತು ವಾರ.

ಮನೆಗೆ ಬಂದು ವಾಚನ್ನು ಅಕ್ಕಿ ಡಬ್ಬಕ್ಕೆ ಹಾಕಿದೆ. ಫೋನ್ ನೀರಿಗೆ ಬಿದ್ದರೆ ಹಾಗೆ ಮಾಡುತ್ತಾರಲ್ಲ. ಮಾರನೇ ದಿನ ಅನ್ನಕ್ಕೆ ಅಕ್ಕಿ ಅಳೆಯುವಾಗ ಅಮ್ಮ ಕಿರುಚಿದರು. ಅಕ್ಕಿಯಿಂದ ಒಂದು ಹನಿಯೂ ಹೊರಗೆ ಬರುವುದಿಲ್ಲ, ಯಾಕೆಂದರೆ ವಾಚಿನ ಡಬ್ಬಿ ಸುತ್ತಲೂ ರಬ್ಬರ್ ಉಂಗುರ ಹಾಕಿ ಮುಚ್ಚಿರುತ್ತದೆ. ನೀರು ಒಳಗೆ ಹೋಗಬಾರದು ಅಂತ ಇರುವ ರಬ್ಬರೇ ಒಳಗೆ ಹೋದ ನೀರನ್ನು ಹೊರಗೆ ಬಿಡುವುದಿಲ್ಲ. ನಾನು ಬೇರೆ, ಮಂಜು ನೋಡಿದ ಕೂಡಲೇ ಕ್ರೌನನ್ನು ಗಟ್ಟಿಯಾಗಿ ಬಿಗಿದಿದ್ದೆ!

ಮೂರನೇ ದಿನ ಸಯ್ಯಾಜಿ ರಾವ್ ರಸ್ತೆ ಹತ್ತಿರ ಹಳೇ ವಾಚ್ ರಿಪೇರಿಯವರೊಬ್ಬರಿಗೆ ತೋರಿಸಿದೆ. ಎಚ್‌ಎಂಟಿ ಕಾಲದವರು. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಎಚ್‌ಎಂಟಿ ಬೆಂಗಳೂರಿನಲ್ಲಿ ವಾಚ್ ಮಾಡಲು ಶುರು ಮಾಡಿತಲ್ಲ, ಅಲ್ಲಿಯ ಜನತಾ, ಪೈಲಟ್‌ಗಳನ್ನೆಲ್ಲ ಕಣ್ಣು ಮುಚ್ಚಿಕೊಂಡು ಬಿಚ್ಚುವವರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿದರು. ಮುಟ್ಟಲಿಲ್ಲ. "ಇದನ್ನ ನಾನು ಬಿಚ್ಚಿದ್ರೆ ನಿಮ್ಮ ವಾರಂಟಿ ಹೋಗುತ್ತೆ ಸಾರ್. ಇವತ್ತೇ ಬೆಂಗಳೂರಿಗೆ ಹೋಗಿ. ನಾಳೆ ಅಲ್ಲ, ಇವತ್ತು" ಅಂದರು. ದುಡ್ಡೂ ತಗೊಳ್ಳಲಿಲ್ಲ.

ನಾನು ಹೋಗಲಿಲ್ಲ. ಕೈಯಲ್ಲಿದ್ದದ್ದು ಇಪ್ಪತ್ತು ಸಾವಿರ. ವಾಚ್ ಕೊಂಡ ಮೇಲೆ ಉಳಿದಿದ್ದ 55,000 ಯುಗಾದಿ, ತಂಗಿ ಮಗುವಿನ ನಾಮಕರಣ, ಸ್ಕೂಟರ್ ಇನ್ಶೂರೆನ್ಸ್ ಅಂತ ಕರಗಿತ್ತು. ಸರ್ವೀಸ್ ಸೆಂಟರಿನವರು ನಲವತ್ತು ಐವತ್ತು ಸಾವಿರ ಅಂದುಬಿಟ್ಟರೆ? ಕೇಳಿಸಿಕೊಳ್ಳುವುದಕ್ಕೇ ಭಯ. ಜೊತೆಗೆ ಮಧ್ಯಾಹ್ನದ ಬಿಸಿಲಿಗೆ ಮಂಜು ಮಾಯವಾಗುತ್ತಿತ್ತು. ಒಣಗಿತು ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಬೆಳಿಗ್ಗೆ ಮತ್ತೆ ಸಣ್ಣಗೆ ಕಾಣುತ್ತಿತ್ತು. ಹೀಗೇ ಹತ್ತು ವಾರ. ತುಕ್ಕಿನ ಬಗ್ಗೆ ಕೆಲಸದಲ್ಲಿ ದಿನಾ ವರದಿ ಬರೆಯುವ ಮನುಷ್ಯ ನಾನು!

ಜುಲೈ ಮಧ್ಯದಲ್ಲಿ ವಾಚ್ ನಿಂತಿತು. ಬೆಂಗಳೂರಿನಲ್ಲಿ ಬಿಚ್ಚಿದವರು ಫೋಟೋ ತೋರಿಸಿದರು. ಕ್ರೌನಿನ ಹಿಂದಿನ ಕಡ್ಡಿಯಿಂದ ಶುರುವಾಗಿ ಒಳಗಿನವರೆಗೂ ಕಂದು ಬಣ್ಣ. ಡಯಲ್ ಮೇಲೆ ಕಲೆ. ವಾರಂಟಿಗೆ ಬರುವುದಿಲ್ಲ, ಕ್ರೌನ್ ತೆರೆದಿಟ್ಟದ್ದು ನಾನಲ್ವಾ. 94,000 ಅಂದಾಜು ಕೊಟ್ಟರು. ಭಾವನ ಹತ್ತಿರ ಎಪ್ಪತ್ತು ಸಾವಿರ ಸಾಲ ಮಾಡಿದೆ. ಭಾವ ಏನೂ ಅನ್ನಲಿಲ್ಲ. ಕಾರಣ ಹೇಳಿದಾಗ ಮಾತ್ರ, "ವಾಚಿಗಾ?" ಅಂದರು.

ಆಮೇಲಿನದು ಬೇಗ ಹೇಳಿ ಮುಗಿಸುತ್ತೇನೆ. ರಿಪೇರಿಯಾಗಿ ಬಂದ ವಾಚನ್ನು ನಾನು ಕಟ್ಟಿದ್ದು ಕಡಿಮೆ. ಮಳೆ ಬಂದರೆ ಬೇಡ, ಬಸ್ಸಿಗೆ ಬೇಡ, ಫ್ಯಾಕ್ಟರಿಯಲ್ಲಿ ಅಯಸ್ಕಾಂತ ಇರುವ ಕಡೆ ಅಂತೂ ಬೇಡವೇ ಬೇಡ, ಒಳಗಿನ ಕೂದಲೆಳೆಯಂಥ ಸ್ಪ್ರಿಂಗ್ ಅಯಸ್ಕಾಂತವಾದರೆ ಟೈಮ್ ಸಿಕ್ಕಾಪಟ್ಟೆ ಮುಂದೆ ಓಡುತ್ತದೆ. ಬೀರುವಿನಲ್ಲೇ ಇತ್ತು. ಕೋವಿಡ್‌ನಲ್ಲಿ ಸಂಬಳ ಕಡಿತವಾದಾಗ, 2020ರ ಸೆಪ್ಟೆಂಬರ್‌ನಲ್ಲಿ ಮಾರಿದೆ. ಸರ್ವೀಸ್ ಬಿಲ್ ನೋಡಿ "ನೀರು ಕುಡಿದಿರೋ ವಾಚು" ಅಂದ ಕೊಳ್ಳುವವನು. 1,75,000 ಸಿಕ್ಕಿತು.

ಲೆಕ್ಕ ಹಾಕಿ. ಕೊಂಡದ್ದು, ರಿಪೇರಿ ಸೇರಿ 4,59,000. ಬಂದದ್ದು ಕಳೆದರೆ 2,84,000 ಹೋಯಿತು. 33 ತಿಂಗಳು ನನ್ನ ಹತ್ತಿರ ಇತ್ತು. ತಿಂಗಳಿಗೆ 8,600. ಆಗ ನಾವಿದ್ದ ಮನೆಯ ಬಾಡಿಗೆ 9,000. ನಾವು ಮೂರು ಜನ ಇದ್ದ ಮನೆಗೂ, ಬೀರುವಿನಲ್ಲಿ ಮಲಗಿದ್ದ ವಾಚಿಗೂ ಹೆಚ್ಚುಕಡಿಮೆ ಒಂದೇ ಬಾಡಿಗೆ.

ಈಗ ನಿಮ್ಮ ಹೂಡಿಕೆ ಮಾತು. ದಯವಿಟ್ಟು ಅದನ್ನು ಪ್ರಶ್ನೆಯಿಂದ ಅಳಿಸಿ. ಅಂಗಡಿ ಬೆಲೆಗಿಂತ ಜಾಸ್ತಿಗೆ ಹೋಗುವುದು ರೋಲೆಕ್ಸ್, ಪಟೇಕ್ ಫಿಲಿಪ್, ಓಡೆಮಾರ್ ಪಿಗೆಯಂಥ ಎರಡು ಮೂರು ಕಂಪನಿಗಳ ಕೆಲವು ಮಾಡೆಲ್‌ಗಳು. ಅವನ್ನು ಅಂಗಡಿಗೆ ಹೋಗಿ ಕೇಳಿದರೆ ಹೆಸರು ಬರೆಸಿ ಕಾಯಿರಿ ಅನ್ನುತ್ತಾರೆ. ಅವುಗಳ ಸೆಕೆಂಡ್ ಹ್ಯಾಂಡ್ ಬೆಲೆಯೂ 2022ರ ಶುರುವಿನಲ್ಲಿ ತುದಿಗೆ ಹೋಗಿ ಆಮೇಲೆ ಇಳಿಯಿತು. ಉಳಿದ ವಾಚ್‌ಗಳು ಅಂಗಡಿ ಬಾಗಿಲು ದಾಟಿದ ಕೂಡಲೇ ಸೆಕೆಂಡ್ ಹ್ಯಾಂಡ್ ಕಾರಿದ್ದ ಹಾಗೆ. ಇನ್ನೊಂದು, ಸ್ವಿಟ್ಜರ್ಲೆಂಡ್ ಸೇರಿ ನಾಲ್ಕು ಯುರೋಪ್ ದೇಶಗಳ ಇಎಫ್‌ಟಿಎ ಗುಂಪಿನ ಜೊತೆ ಭಾರತ ಮಾಡಿಕೊಂಡ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಸ್ವಿಸ್ ವಾಚ್‌ಗಳ ಆಮದು ಸುಂಕ ಹಂತ ಹಂತವಾಗಿ ಇಳಿಯಬೇಕು. ಹೊಸದರ ಸುಂಕವೇ ಇಳಿಯುತ್ತಿರುವಾಗ ನಿಮ್ಮ ಹಳೆಯದಕ್ಕೆ ಜಾಸ್ತಿ ಯಾರು ಕೊಡುತ್ತಾರೆ?

ಅಮ್ಮ ಹೇಳಿದ ಚಿನ್ನ? ನಾನು ವಾಚ್ ಕೊಂಡಾಗ 10 ಗ್ರಾಂಗೆ ಸುಮಾರು 29,000 ಇತ್ತು, ಮಾರಿದಾಗ 50,000ದ ಹತ್ತಿರ. ಅದಿರಲಿ. ಚಿನ್ನವನ್ನು ಯಾವ ಬ್ಯಾಂಕಿಗೆ ಹೋದರೂ ಅಡ ಇಡಬಹುದು. ಆ ಜುಲೈನಲ್ಲಿ ನನ್ನ ವಾಚ್ ಹಿಡಿದುಕೊಂಡು ಯಾವ ಬ್ಯಾಂಕಿಗೆ ಹೋಗಲಿ?

ಹಾಗಂತ ಕೊಳ್ಳಲೇಬೇಡಿ ಅಂತ ಹೇಳುತ್ತಿಲ್ಲ. "ಆಸೆ ಬಿಡಿ, ಮ್ಯೂಚುವಲ್ ಫಂಡಿಗೆ ಹಾಕಿ" ಅನ್ನುವವರನ್ನು ಕಂಡರೆ ನನಗೂ ಆಗುವುದಿಲ್ಲ. ಆ ವಾಚನ್ನು ನಾನು ನಿಜವಾಗಿ ಇಷ್ಟಪಟ್ಟಿದ್ದೆ. ಕೊಂಡ ಮೊದಲ ನಾಲ್ಕು ತಿಂಗಳು ದಿನಾ ಬೆಳಿಗ್ಗೆ ಫೋನಿನ ಜೊತೆ ಹೋಲಿಸಿ ಬರೆದಿಡುತ್ತಿದ್ದೆ, ದಿನಕ್ಕೆ ಐದು ಸೆಕೆಂಡ್ ಮುಂದೆ. ಈಗ ಕೈಯಲ್ಲಿರುವ 2,400 ರೂಪಾಯಿಯ ಬ್ಯಾಟರಿ ಹಾಕುವ ಕ್ವಾರ್ಟ್ಜ್ ವಾಚ್ ತಿಂಗಳಿಗೆ ಹತ್ತು ಸೆಕೆಂಡ್ ಕೂಡ ತಪ್ಪುವುದಿಲ್ಲ. ಅದರ ಲೆಕ್ಕ ಬರೆಯಬೇಕು ಅಂತ ಒಂದು ದಿನವೂ ಅನಿಸಿಲ್ಲ.

ನೀವು ಕೊಳ್ಳಬಹುದಾ ಅಂತ ಕೇಳಿದ್ದೀರಿ. ಅದು ನಿಮಗೇ ಗೊತ್ತು, ಆರರಲ್ಲಿ ನಾಲ್ಕೂವರೆ ಹೋದರೆ ಒಂದೂವರೆ ಉಳಿಯುತ್ತದೆ. ನಾನು ಕೇಳುವುದು ಬೇರೆ. ಆ ಒಂದೂವರೆ ಲಕ್ಷ ಯಾರದು? ಮನೆಯವರ ಆಸ್ಪತ್ರೆಗಾ, ಕೆಲಸ ಹೋದರೆ ಆರು ತಿಂಗಳ ಊಟಕ್ಕಾ? ಅದೆಲ್ಲ ತೆಗೆದಿಟ್ಟ ಮೇಲೂ ವಾಚಿಗೆ ಅಂತಲೇ ಒಂದು ಲಕ್ಷ ಸುಮ್ನೆ ಬಿದ್ದಿರುತ್ತದಾ? ಬಿದ್ದಿರುತ್ತದೆ ಅಂದರೆ ನನ್ನನ್ನೂ ಕೇಳಬೇಡಿ, ಯಾರನ್ನೂ ಕೇಳಬೇಡಿ, ನಾಳೆಯೇ ಹೋಗಿ ಕೊಂಡು ದಿನಾ ಕಟ್ಟಿಕೊಳ್ಳಿ. ಇಲ್ಲ ಅಂದರೆ ಇನ್ನೆರಡು ವರ್ಷ ಕಾಯಿರಿ. ನೀರು ಹೋಗದಿದ್ದರೂ ಐದಾರು ವರ್ಷಕ್ಕೊಮ್ಮೆ ಸರ್ವೀಸ್ ಮಾಡಿಸಬೇಕು, ಅದೂ ನಿಮ್ಮ ಬೈಕ್ ಸರ್ವೀಸಿನ ಬೆಲೆಯಲ್ಲಿ ಆಗುವುದಿಲ್ಲ.

ಇಷ್ಟೆಲ್ಲ ಓದಿಯೂ ಈ ತಿಂಗಳೇ ತಗೊಳ್ಳುತ್ತೀರಿ ಅಂತ ನನಗೆ ಅನುಮಾನ, ನಾನಾಗಿದ್ದರೂ ತಗೊಳ್ಳುತ್ತಿದ್ದೆ. ಹಾಗಾದರೆ ಒಂದನೇ ತಾರೀಕು ಕ್ರೌನ್ ತಳ್ಳಿ, ತಳ್ಳಿಕೊಂಡೇ ಬಿಗಿಯಿರಿ. ನದಿಗೆ ಇಳಿಯುವಾಗ ವಾಚ್ ಬಿಚ್ಚಿ ಡ್ರೈವರ್ ಕೈಗೆ ಕೊಡಿ. ಅವತ್ತು ನಮ್ಮ ಡ್ರೈವರ್ ಹನ್ನೊಂದು ಫೋನು, ಎರಡು ಸರ, ನಾಲ್ಕು ವಾಚು ಒಂದೊಂದಾಗಿ ಎಣಿಸಿ ವಾಪಸ್ ಕೊಟ್ಟ. ಕೊಟ್ಟು, "ಸಾರ್, ನಿಮ್ದು ಏನೂ ಇರ್ಲಿಲ್ವಾ?" ಅಂತ ನನ್ನನ್ನು ಕೇಳಿದ.