ಬಯಾಪ್ಸಿ ನಾರ್ಮಲ್ ಬಂದರೂ ಜಠರದ ಗಡ್ಡೆಗೆ ಆಪರೇಷನ್ ಯಾಕೆ?

ದಾವಣಗೆರೆಯಲ್ಲಿ ನಿಮ್ಮ ತಾಯಿಗೆ ಎಂಡೋಸ್ಕೋಪಿ ಮಾಡಿದಾಗ ಜಠರದಲ್ಲಿ 4 ಸೆಂ.ಮೀ. ಗಡ್ಡೆ ಕಂಡಿತು, ಬಯಾಪ್ಸಿ ನಾರ್ಮಲ್, ಆದರೂ ತೆಗೆಸಿ ಅಂದಿದ್ದಾರೆ ಅಂತ ಬರೆದಿದ್ದೀರಿ. ಡಾಕ್ಟರು ಸುಮ್ಮನೆ ಹೆದರಿಸುತ್ತಿಲ್ಲ.

ಇಂಥ ಗಡ್ಡೆ ಸಾಮಾನ್ಯವಾಗಿ ಹುಟ್ಟುವುದು ಒಳಪೊರೆಯ ಕೆಳಗೆ, ಗೋಡೆಯ ಸ್ನಾಯುಪದರದಲ್ಲಿ. ಎಂಡೋಸ್ಕೋಪಿಯ ಚಿಮುಟ ಮೇಲಿನ ಪೊರೆಯನ್ನಷ್ಟೇ ಚಿವುಟಿ ತರುತ್ತದೆ. ಹೋಳಿಗೆಯ ಕಣಕ ಮುರಿದು ಹೂರಣದ ರುಚಿ ಹೇಳಿದ ಹಾಗೆ. ನರದ ಪೊರೆಯಿಂದ ಬೆಳೆಯುವ ಶ್ವಾನೋಮಾ, ಸ್ನಾಯುವಿನ ಲಿಯೋಮಯೋಮಾ ಬಹುತೇಕ ನಿರಪಾಯ. ಜಿಸ್ಟ್ (ಜೀರ್ಣಾಂಗದ ಗೋಡೆಯಲ್ಲಿ ಹುಟ್ಟುವ ಇನ್ನೊಂದು ಬಗೆಯ ಗಡ್ಡೆ) ಹಾಗಲ್ಲ, ಅದು ಹರಡಬಲ್ಲದು. ಸಿ.ಟಿ. ಸ್ಕ್ಯಾನಿನಲ್ಲಿ ಮೂರೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ, ತೊಂದರೆ ಇರುವುದೇ ಅಲ್ಲಿ. ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ನೋಡುತ್ತಾ ಸೂಜಿಯಿಂದ ಆಳದ ಚೂರು ತೆಗೆದರೆ ಎಷ್ಟೋ ಸಲ ಉತ್ತರ ಸಿಗುತ್ತದೆ. ಆ ಚೂರಿನ ಜೀವಕೋಶಗಳಲ್ಲಿ ಯಾವ ಪ್ರೋಟೀನ್ ಇದೆ ಅಂತ ಲ್ಯಾಬಿನಲ್ಲಿ ನೋಡುತ್ತಾರೆ: ಎಸ್-100 ಪಾಸಿಟಿವ್ ಆದರೆ ಶ್ವಾನೋಮಾ, ಡೆಸ್ಮಿನ್ ಆದರೆ ಲಿಯೋಮಯೋಮಾ, ಸಿ.ಡಿ.117 ಅಥವಾ ಡಾಗ್-1 ಆದರೆ ಜಿಸ್ಟ್. ಕೆಲವೊಮ್ಮೆ ಇಡೀ ಗಡ್ಡೆ ಲ್ಯಾಬಿಗೆ ಹೋದ ಮೇಲೇ ಜಾತಿ ತಿಳಿಯುತ್ತದೆ.

ಆಪರೇಷನ್ ಅಂದರೆ ಇಡೀ ಜಠರ ತೆಗೆಯುತ್ತಾರೆ ಅಂತಲ್ಲ. ಸಾಮಾನ್ಯವಾಗಿ ಲ್ಯಾಪರೋಸ್ಕೋಪಿಯಲ್ಲಿ, ಗಡ್ಡೆ ಒಡೆಯದಂತೆ, ಸುತ್ತಲಿನ ಸ್ವಲ್ಪ ಗೋಡೆ ಸೇರಿಸಿ ಕತ್ತರಿಸಿ ಸ್ಟೇಪಲ್ ಹಾಕುತ್ತಾರೆ. ಅನ್ನನಾಳ ಸೇರುವ ಕಡೆ ಇದ್ದರೆ ಮಾತ್ರ ಕೆಲಸ ತುಸು ಕಷ್ಟ. ಹಾಗಾಗಿ ಗಡ್ಡೆ ಎಲ್ಲಿದೆ ಅಂತ ಮೊದಲು ಕೇಳಿ. ಬೆಣ್ಣೆದೋಸೆ ಸ್ವಲ್ಪ ದಿನ ಮರೆಯಬೇಕಾದೀತು, ಅಷ್ಟೆ.